ಹಿರಿಯರು ಮತ್ತು ಕಿರಿಯರು ಒಂದೇ ಮೇಜಿನಲ್ಲಿ: ಎರಡು ಕಾರ್ಯಕ್ರಮಗಳ ವಿಮರ್ಶೆ

ಹಿರಿಯರನ್ನೂ ಎಳೆಯರನ್ನೂ ಒಂದೆಡೆ ಸೇರಿಸುವ ಸಮುದಾಯ ಕಾರ್ಯಕ್ರಮಗಳ ಪೈಕಿ ಎರಡರಲ್ಲಿ ನಾನು ಹಿರಿಯರ ಸಾಲಿನಲ್ಲಿ ಕುಳಿತು ಭಾಗವಹಿಸಿದ್ದೇನೆ. ಒಂದನ್ನು ನಾಲ್ಕು ತಿಂಗಳಿಗೆ ಬಿಟ್ಟೆ. ಇನ್ನೊಂದರಲ್ಲಿ ವರ್ಷದ ಅವಧಿಯನ್ನು ಪೂರ್ತಿಗೊಳಿಸಿದೆ. ನನಗೀಗ 69 ವರ್ಷ. ಮೂವತ್ತನಾಲ್ಕು ವರ್ಷ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಎಡಗಿವಿ ಮಂದವಾಗಿದೆ, ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ. ಈ ಸ್ವಂತ ವಿವರಗಳನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಇಂತಹ ಕಾರ್ಯಕ್ರಮಗಳ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ನಡೆಸುವವರು ಬರೆದವು, ಇಲ್ಲವೇ ಒಂದು ದಿನ ನೋಡಿ ಹೋದವರು ಬರೆದವು. ಕುರ್ಚಿಯಲ್ಲಿ ಕುಳಿತವನಿಗೆ ಅದು ಹೇಗಿರುತ್ತದೆ ಎಂಬುದನ್ನು ಕುಳಿತವನೇ ಹೇಳಬೇಕಾಗುತ್ತದೆ. ಎರಡೂ ಕಾರ್ಯಕ್ರಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದರ ಕುಂದು ಅದೊಂದರದ್ದೇ ಅಲ್ಲ, ಆ ಬಗೆಯ ಎಲ್ಲ ಕಾರ್ಯಕ್ರಮಗಳಲ್ಲೂ ಕಾಣುವಂಥದ್ದು.

ಮೊದಲನೆಯದು ತಿಂಗಳಿಗೊಮ್ಮೆ ನಡೆಯುವ ಭೇಟಿ. ವಿದ್ಯಾರ್ಥಿಗಳು ತಂಡವಾಗಿ ಬರುತ್ತಿದ್ದರು. ನಮ್ಮನ್ನು ಅರ್ಧಚಂದ್ರಾಕಾರವಾಗಿ ಹಾಕಿದ ಕುರ್ಚಿಗಳಲ್ಲಿ ಕೂರಿಸಲಾಗುತ್ತಿತ್ತು. ಅವರು ಎದುರು ನಿಂತು ಹಾಡುತ್ತಿದ್ದರು, ಸಣ್ಣ ಆಟಗಳನ್ನು ಆಡಿಸುತ್ತಿದ್ದರು, ಉಡುಗೊರೆ ಹಂಚುತ್ತಿದ್ದರು, ಕೊನೆಗೆ ನಮ್ಮ ಕುರ್ಚಿಗಳ ಹಿಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ಮಕ್ಕಳಲ್ಲಿ ಒಬ್ಬರ ಮನಸ್ಸಿನಲ್ಲೂ ಕೇಡಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಆದರೆ ಪ್ರತಿ ತಿಂಗಳೂ ಬರುತ್ತಿದ್ದುದು ಬೇರೆ ತಂಡ. ಪ್ರತಿ ತಂಡವೂ ಅವೇ ಮೂರು ಪ್ರಶ್ನೆಗಳನ್ನು ಕೇಳುತ್ತಿತ್ತು: ವಯಸ್ಸೆಷ್ಟು, ಮಕ್ಕಳೆಲ್ಲಿದ್ದಾರೆ, ಆರೋಗ್ಯ ಹೇಗಿದೆ. ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ನಾನು ‘ಅಜ್ಜ’ನಾಗಿದ್ದೆ. ಆ ಕರೆಯಲ್ಲಿ ಪ್ರೀತಿಯಿತ್ತು, ಆದರೆ ಪಕ್ಕದ ಕುರ್ಚಿಯವರನ್ನೂ ಅದರ ಪಕ್ಕದವರನ್ನೂ ಅದೇ ಧ್ವನಿಯಲ್ಲಿ ಅದೇ ಹೆಸರಿನಿಂದ ಕರೆದಾಗ ಆ ಪ್ರೀತಿ ಯಾರಿಗೆ ಸಲ್ಲಬೇಕೆಂದು ತಿಳಿಯದೆ ನಡುವೆಯೇ ಉಳಿದುಬಿಡುತ್ತಿತ್ತು. ವಿದ್ಯಾರ್ಥಿಗಳಿಗೆ ಸೇವೆಯ ಗಂಟೆಗಳ ಪ್ರಮಾಣಪತ್ರ ಬೇಕಿತ್ತು. ಹಾಜರಿ ಹಾಳೆಗೆ ಸಹಿ ಬಿದ್ದ ಕೂಡಲೇ ಸಭಾಂಗಣ ಖಾಲಿಯಾಗುತ್ತಿತ್ತು. ನಾಲ್ಕನೆಯ ತಿಂಗಳು, ಉಡುಗೊರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ, ಈ ಒಂದೂವರೆ ಗಂಟೆಯಲ್ಲಿ ನಾನು ಮಾಡಿದ ಕೆಲಸವೆಂದರೆ ಕೈಚಾಚಿ ತೆಗೆದುಕೊಂಡದ್ದೊಂದೇ ಎಂದು ಹೊಳೆಯಿತು. ಮತ್ತೆ ಹೋಗಲಿಲ್ಲ.

ಇದು ನನ್ನೊಬ್ಬನ ಮುನಿಸಲ್ಲ ಎಂದು ತಿಳಿದದ್ದು ಅನಂತರ ಓದಿದಾಗ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಬಗ್ಗೆ ಬರೆಯುತ್ತ, ಎರಡು ಗುಂಪಿನವರು ಒಂದೆಡೆ ಸೇರಿದ ಮಾತ್ರಕ್ಕೆ ಒಬ್ಬರ ಬಗ್ಗೆ ಇನ್ನೊಬ್ಬರಿಗಿರುವ ತಪ್ಪು ಕಲ್ಪನೆ ಕರಗುವುದಿಲ್ಲ ಎಂದು ತೋರಿಸಿದರು. ಅದು ಕರಗಬೇಕಾದರೆ ಇಬ್ಬರೂ ಸಮಾನ ನೆಲೆಯಲ್ಲಿ ಇರಬೇಕು, ಇಬ್ಬರಿಗೂ ಬೇಕಾದ ಒಂದು ಗುರಿ ಇರಬೇಕು, ಅದಕ್ಕಾಗಿ ಇಬ್ಬರೂ ಕೂಡಿ ದುಡಿಯಬೇಕು, ಮತ್ತು ನಡೆಸುವ ಸಂಸ್ಥೆ ಅದಕ್ಕೆ ಬೆನ್ನೆಲುಬಾಗಿ ನಿಲ್ಲಬೇಕು. ಆಲ್‌ಪೋರ್ಟ್ ಬರೆದದ್ದು ಮುಖ್ಯವಾಗಿ ಜನಾಂಗಗಳ ನಡುವಿನ ದ್ವೇಷವನ್ನು ಕುರಿತು. ಆದರೆ ಆ ಷರತ್ತುಗಳನ್ನು ನಾನಿದ್ದ ಸಭಾಂಗಣಕ್ಕೆ ಅನ್ವಯಿಸಿ ನೋಡಿದರೆ ಒಂದೂ ನಿಲ್ಲುವುದಿಲ್ಲ. ಒಬ್ಬರು ನಿಂತು ಕೊಡುತ್ತಿದ್ದರು, ಇನ್ನೊಬ್ಬರು ಕುಳಿತು ಪಡೆಯುತ್ತಿದ್ದರು. ವಯಸ್ಸಾದವರು ಅಸಹಾಯಕರು ಎಂಬ ಕಲ್ಪನೆಯನ್ನು ಹೊತ್ತು ಬಂದ ಹದಿನೆಂಟು ವರ್ಷದ ಹುಡುಗ, ಅದನ್ನು ಇನ್ನಷ್ಟು ಗಟ್ಟಿಯಾಗಿಸಿಕೊಂಡು ಮನೆಗೆ ಹೋಗುತ್ತಿದ್ದ.

ಎರಡನೆಯ ಕಾರ್ಯಕ್ರಮಕ್ಕೆ ನಾನು ಸೇರಿದ್ದು ಅಷ್ಟೇನೂ ಉತ್ಸಾಹದಿಂದಲ್ಲ. ಒಂದು ಗ್ರಂಥಾಲಯದ ಮೇಲ್ವಿಚಾರಣೆಯಲ್ಲಿ ನಡೆಯುವ ಕಾರ್ಯಕ್ರಮವದು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ, ಎರಡು ಗಂಟೆ. ಹನ್ನೆರಡು ಹಿರಿಯರು, ಹದಿನಾರರಿಂದ ಇಪ್ಪತ್ತರ ಒಳಗಿನ ಹನ್ನೆರಡು ಎಳೆಯರು. ಒಮ್ಮೆ ಕೂಡಿಸಿದ ಜೋಡಿ ವರ್ಷ ಮುಗಿಯುವವರೆಗೆ ಬದಲಾಗುವುದಿಲ್ಲ. ಸಂಯೋಜಕಿ ನನ್ನನ್ನು ಮೊದಲು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು: ‘ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ?’ ನಿವೃತ್ತಿಯಾದ ಮೇಲೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಕ್ಷೆ ಬರೆಯುತ್ತಿದ್ದೆ ಎಂದೆ. ಅವರು ಬರೆದುಕೊಂಡರು. ಮೂರು ವಾರದ ಬಳಿಕ ಕರೆ ಬಂದಾಗ, ವಾಸ್ತುಶಿಲ್ಪ ಓದಬೇಕೆಂದಿರುವ ಹದಿನೇಳರ ಹುಡುಗಿಯೊಬ್ಬಳ ಜೊತೆ ನನ್ನನ್ನು ಕೂಡಿಸಿರುವುದಾಗಿ ತಿಳಿಸಿದರು.

ಈ ಸೇವೆಯಲ್ಲಿ ನಾನು ಅತ್ಯಂತ ಹೆಚ್ಚು ಮೆಚ್ಚಿದ್ದು, ಯಾರ ಕಣ್ಣಿಗೂ ಬೀಳದ ಪೂರ್ವಸಿದ್ಧತೆಯನ್ನು. ಎರಡೂ ಕಡೆಯವರು ಭೇಟಿಯಾಗುವ ಮುನ್ನ ಎರಡು ಬೇರೆ ಬೇರೆ ಸಭೆಗಳು ನಡೆದವು. ಎಳೆಯರ ಸಭೆಯಲ್ಲಿ ಅವರಿಗೆ ಮಂಜುಗವಿದ ಕನ್ನಡಕ ತೊಡಿಸಿ, ಕಿವಿಗೆ ಬಿರಡೆ ಹಾಕಿ, ಸಣ್ಣ ಅಕ್ಷರದ ಅರ್ಜಿಯೊಂದನ್ನು ತುಂಬಿಸಿದ್ದರಂತೆ. ಹಿರಿಯರ ಸಭೆಯಲ್ಲಿ ಸಂಯೋಜಕಿ ನಮಗೆ ಹೇಳಿದ ಮಾತು ಕೆಲವರಿಗೆ ಹಿಡಿಸಲಿಲ್ಲ: ಮೊದಲ ಆರು ವಾರ ಯಾರೂ ‘ನಮ್ಮ ಕಾಲದಲ್ಲಿ’ ಎಂದು ಮಾತು ಆರಂಭಿಸಬೇಡಿ, ಕೇಳದೆ ಬುದ್ಧಿ ಹೇಳಬೇಡಿ, ಅವರ ಕೈಯಲ್ಲಿ ಫೋನ್ ಕಂಡ ಕೂಡಲೇ ಅದು ಅಲಕ್ಷ್ಯವೆಂದು ತಿಳಿಯಬೇಡಿ. ನನಗೂ ಮೊದಲು ಇದು ಅತಿಯೆನಿಸಿತು. ಆಮೇಲೆ ಯೋಚಿಸಿದರೆ, ಎಳೆಯರಿಗೆ ಹಿರಿಯರ ಬಗ್ಗೆ ಇರುವಷ್ಟೇ ತಪ್ಪು ಕಲ್ಪನೆಗಳು ಹಿರಿಯರಿಗೆ ಎಳೆಯರ ಬಗ್ಗೆಯೂ ಇರುತ್ತವೆ ಎಂಬುದನ್ನು ಒಪ್ಪಿಕೊಂಡ ಕಾರ್ಯಕ್ರಮ ಇದೊಂದೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವಯೋತಾರತಮ್ಯದ ವರದಿಯೂ ಇದನ್ನೇ ಎತ್ತಿ ಹೇಳುತ್ತದೆ. ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ವೃದ್ಧರ ಬಗ್ಗೆ ತಾರತಮ್ಯದ ಭಾವನೆ ಉಳ್ಳವರು ಎಂದು ಅಂದಾಜಿಸುವ ಆ ವರದಿ, ಎಳೆಯರೂ ವಯಸ್ಸಿನ ಕಾರಣಕ್ಕೇ ಕಡೆಗಣನೆಗೆ ಗುರಿಯಾಗುತ್ತಾರೆ ಎನ್ನುತ್ತದೆ. ಪರಿಹಾರವಾಗಿ ಕಾನೂನು ಮತ್ತು ಶಿಕ್ಷಣದ ಜೊತೆಗೆ ಸೂಚಿಸುವ ಮೂರನೆಯ ದಾರಿ ತಲೆಮಾರುಗಳ ನಡುವಿನ ಒಡನಾಟ.

ಕೋಣೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಎಷ್ಟೋ ಒಳ್ಳೆಯ ಉದ್ದೇಶಗಳು ಕೆಟ್ಟ ಕೋಣೆಗಳಲ್ಲಿ ಸೋತುಹೋಗುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಶ್ರೇಣಿಯನ್ನು. ‘ಸ’, ‘ಶ’ದಂತಹ ವ್ಯಂಜನಗಳು ಇರುವುದು ಅಲ್ಲೇ. ಆದ್ದರಿಂದ ಮಾತು ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಎದುರಿನವರು ಕೂಗಿದರೆ ಸ್ವರಗಳು ಜೋರಾಗುತ್ತವೆಯೇ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ನಿಧಾನವಾಗಿ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು ಮಾತನಾಡಿದರೆ ತುಟಿಯ ಚಲನೆ ಅರ್ಧ ಕೆಲಸ ಮಾಡುತ್ತದೆ. ಕಣ್ಣಿನ ಸಂಗತಿಯೂ ಹೀಗೆಯೇ: ಇಪ್ಪತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರ ಕಣ್ಣಿನಲ್ಲಿ ಅಲ್ಲಿಗೆ ತಲುಪುತ್ತದೆ. ಮೊದಲ ಕಾರ್ಯಕ್ರಮದ ಸಭಾಂಗಣದಲ್ಲಿ ಧ್ವನಿವರ್ಧಕ ಮೊಳಗುತ್ತಿತ್ತು, ಗೋಡೆಗಳು ಪ್ರತಿಧ್ವನಿಸುತ್ತಿದ್ದವು. ನಾನು ಕೇಳಿಸಿದವನಂತೆ ನಗುತ್ತ ಕೂರುತ್ತಿದ್ದೆ. ಗ್ರಂಥಾಲಯದ ಕೋಣೆ ಚಿಕ್ಕದು, ನೆಲಕ್ಕೆ ಜಮಖಾನ, ಜೋಡಿಗಳ ನಡುವೆ ಸಾಕಷ್ಟು ಅಂತರ, ಪ್ರತಿ ಮೇಜಿಗೂ ಪ್ರತ್ಯೇಕ ದೀಪ. ಯಾರ ಯಾವ ಕಿವಿ ಮಂದವೆಂದು ಮೊದಲೇ ಕೇಳಿಕೊಂಡು ಕುರ್ಚಿಗಳನ್ನು ಹಾಕಿದ್ದರು. ಆ ಹುಡುಗಿ ಕುಳಿತದ್ದು ನನ್ನ ಬಲಕ್ಕೆ.

ನಮ್ಮೆಲ್ಲರ ಸಮಾನ ಕೆಲಸ, ಗ್ರಂಥಾಲಯದ ಸುತ್ತಲಿನ ಪ್ರದೇಶ ಐವತ್ತು ವರ್ಷದ ಹಿಂದೆ ಹೇಗಿತ್ತೆಂದು ನಕ್ಷೆ ಮಾಡುವುದು. ಹಿರಿಯರು ನೆನಪಿನಿಂದ ಹೇಳಬೇಕು. ಎಳೆಯರು ಅದನ್ನು ಹಳೆಯ ಹಾಳೆಗಳೊಡನೆ, ಇಂದಿನ ಅಳತೆಗಳೊಡನೆ ತಾಳೆ ನೋಡಿ ಕಂಪ್ಯೂಟರಿಗೆ ಏರಿಸಬೇಕು. 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಕೋಣವೆಂದು ಮೊದಲು ಹೊರಟಿದ್ದರು. ಅಲ್ಲಿ ಈಗ ನೆಲದ ಮೇಲೆ ಇರುವುದನ್ನಷ್ಟೇ ಹಾಕಬೇಕು, ಅಳಿದುಹೋದದ್ದಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಬೇರೆಯೇ ಯೋಜನೆ ಇದೆ ಎಂಬುದನ್ನು ನನ್ನ ಜೊತೆಗಾತಿಯೇ ಹುಡುಕಿ ಹೇಳಿದಳು. ಈ ನಿಯಮ ತಿಳಿಯುವಷ್ಟರಲ್ಲಿ ಎರಡು ವಾರ ವ್ಯರ್ಥವಾಗಿದ್ದವು; ಸಂಯೋಜಕರು ಮೊದಲೇ ವಿಚಾರಿಸಬಹುದಿತ್ತು.

ಐದನೆಯ ವಾರ ನಡೆದದ್ದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ರಸ್ತೆಯೊಂದರ ಬದಿಯಲ್ಲಿದ್ದ ಮರಗಳ ಸಾಲು ಯಾವ ಕಡೆಗಿತ್ತು ಎಂಬುದರ ಮೇಲೆ ಮೂವರು ಹಿರಿಯರಲ್ಲಿ ಭಿನ್ನಾಭಿಪ್ರಾಯ ಬಂದಿತು. ಒಬ್ಬರು ಎಡಕ್ಕೆ ಎಂದರು, ಒಬ್ಬರು ಬಲಕ್ಕೆ, ನಾನು ಎರಡೂ ಕಡೆ ಎಂದೆ. ಮೂವರಿಗೂ ನೂರಕ್ಕೆ ನೂರು ಖಾತ್ರಿ. ಎಳೆಯರು ಮೊದಲು ಗಲಿಬಿಲಿಗೊಂಡರು. ಹಿರಿಯರು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ತಮ್ಮ ಕೆಲಸ ಎಂದು ಅವರು ತಿಳಿದಿದ್ದರು. ಹಳೆಯ ಅಳತೆ ಹಾಳೆಯನ್ನು ತೆರೆದಾಗ ಮರಗಳು ಒಂದೇ ಸಾಲಿನಲ್ಲಿದ್ದವು, ಆದರೆ ರಸ್ತೆಯೇ ನಡುವೆ ಬಾಗಿ ಮರಗಳ ಆಚೆಗೆ ದಾಟಿತ್ತು. ಯಾರು ಯಾವ ತುದಿಯಲ್ಲಿ ವಾಸವಾಗಿದ್ದರೋ ಅವರಿಗೆ ಅದು ಹಾಗೆ ಕಂಡಿತ್ತು. ‘ಸರ್, ಹಾಳೆ ಸಿಗದೇ ಇದ್ದಿದ್ದರೆ ಏನು ಮಾಡುತ್ತಿದ್ದೆವು?’ ಎಂದು ನನ್ನ ಜೊತೆಗಾತಿ ಕೇಳಿದಳು. ಖಚಿತವಿಲ್ಲದ್ದನ್ನು ನಕ್ಷೆಯಲ್ಲಿ ತುಂಡುಗೆರೆಯಿಂದ ತೋರಿಸುವ ಪದ್ಧತಿಯಿದೆ, ತುಂಡುಗೆರೆ ಹಾಕುವುದು ಸೋಲಲ್ಲ, ತಿಳಿಯದ್ದನ್ನು ತಿಳಿದಂತೆ ಅಖಂಡ ಗೆರೆ ಎಳೆಯುವುದೇ ತಪ್ಪು ಎಂದು ನಾನು ಹೇಳಿದೆ. ಹಿಂದೆ ಹೀಗೆ ಹೇಳಿಕೊಟ್ಟಿದ್ದು ಕೆಲಸದಲ್ಲಿದ್ದಾಗ ನನ್ನ ಕೈಕೆಳಗಿದ್ದವರಿಗೆ. ಅಂದಿನಿಂದ ಅವಳು ಪ್ರತಿ ಗೆರೆಗೂ ಮೊದಲು ‘ಇದು ಅಖಂಡವೋ ತುಂಡೋ’ ಎಂದು ಕೇಳತೊಡಗಿದಳು. ಅಳತೆಯ ಅನುಪಾತ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ, ಉತ್ತರದ ಗುರುತು ಇವೆಲ್ಲ ನನ್ನಿಂದ ಅವಳಿಗೆ ಹೋದವು. ಪರದೆಯ ಮೇಲೆ ಪದರಗಳನ್ನು ಒಂದರ ಮೇಲೊಂದು ಇಟ್ಟು ಹಳತನ್ನೂ ಹೊಸತನ್ನೂ ಏಕಕಾಲಕ್ಕೆ ನೋಡುವ ವಿದ್ಯೆ ಅವಳಿಂದ ನನಗೆ ಬಂತು. ಟ್ರೇಸಿಂಗ್ ಕಾಗದದ ಮೇಲೆ ಕೈಯಿಂದ ಅದನ್ನೇ ಮಾಡುತ್ತಿದ್ದವನಿಗೆ ಅದು ಹೊಸತಾಗಿರಲಿಲ್ಲ, ಹಳೆಯ ಗೆಳೆಯ ಹೊಸ ಅಂಗಿ ತೊಟ್ಟು ಬಂದಂತಿತ್ತು.

ಹಿರಿಯನು ಅಲ್ಲಿ ಬೇಕಾದವನಾಗಿದ್ದಾನೆಯೇ, ಅವನು ಒಂದು ವಾರ ಬರದಿದ್ದರೆ ಕೆಲಸ ನಿಲ್ಲುತ್ತದೆಯೇ ಎಂಬುದೇ ಇಂತಹ ಕಾರ್ಯಕ್ರಮವನ್ನು ಅಳೆಯಲು ನಾನು ಬಳಸುವ ಕೋಲು. ಮೊದಲನೆಯದರಲ್ಲಿ ನನ್ನ ಕುರ್ಚಿ ಖಾಲಿಯಿದ್ದರೆ ಉಡುಗೊರೆಯ ಪೊಟ್ಟಣವೊಂದು ಉಳಿಯುತ್ತಿತ್ತು. ಎರಡನೆಯದರಲ್ಲಿ ಜ್ವರದಿಂದ ಎರಡು ವಾರ ತಪ್ಪಿದಾಗ, ಎಂಟು ಪ್ರಶ್ನೆಗಳ ಪಟ್ಟಿ ನನ್ನ ದಾರಿ ಕಾಯುತ್ತಿತ್ತು.

ಜಗತ್ತಿನಲ್ಲಿ ಬಹುಕಾಲ ಬಾಳಿದ ಮಾದರಿಗಳನ್ನು ನೋಡಿದರೂ ಇದೇ ಎಳೆ ಕಾಣುತ್ತದೆ. ಅಮೆರಿಕದಲ್ಲಿ 1965ರಲ್ಲಿ ಆರಂಭವಾದ ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್ ಯೋಜನೆ, ಕಡಿಮೆ ಆದಾಯದ ಹಿರಿಯರನ್ನು ನೆರವು ಬೇಕಾದ ಮಕ್ಕಳ ಜೊತೆ ನಿಯಮಿತವಾಗಿ ಕೆಲಸ ಮಾಡಲು ಕಳಿಸಿ, ಅದಕ್ಕೆ ಅಲ್ಪ ಭತ್ಯೆಯನ್ನೂ ಕೊಡುತ್ತದೆ. 1990ರ ದಶಕದ ನಡುವೆ ಅಲ್ಲೇ ಹುಟ್ಟಿದ ಎಕ್ಸ್‌ಪೀರಿಯೆನ್ಸ್ ಕೋರ್, ಹಿರಿಯರನ್ನು ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಓದು ಕಲಿಸಲು ತೊಡಗಿಸಿತು. ವೈದ್ಯೆ ಲಿಂಡಾ ಫ್ರೀಡ್ ಅವರ ಆಲೋಚನೆ ಅದರ ಹಿಂದಿತ್ತು: ಆರೋಗ್ಯಕ್ಕಾಗಿ ವ್ಯಾಯಾಮ ಮಾಡಿ ಎಂದರೆ ಬಿಟ್ಟುಬಿಡುವವರು, ಮಗುವೊಂದು ಕಾಯುತ್ತಿದೆ ಎಂದರೆ ಎದ್ದು ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ತಲೆಗೆ ಕೆಲಸ ಕೊಡುತ್ತಾರೆ. ಅಲ್ಲಿ ವಾರಕ್ಕೆ ಕನಿಷ್ಠ 15 ಗಂಟೆಯ ದುಡಿಮೆಯಿತ್ತು. ಬಾಲ್ಟಿಮೋರ್ ನಗರದಲ್ಲಿ 60 ದಾಟಿದ 702 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ನಡೆಸಿದ ಅಧ್ಯಯನದ ಭಾಗವಾಗಿ, 111 ಮಂದಿಯ ಮಿದುಳನ್ನು ಎರಡು ವರ್ಷ ಸ್ಕ್ಯಾನ್ ಮಾಡಿ ನೋಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶಾಲೆಗೆ ಹೋಗುತ್ತಿದ್ದ ಗುಂಪಿನ ಪುರುಷರಲ್ಲಿ ಮಿದುಳಿನ ಗಾತ್ರ ವಯೋಸಹಜವಾಗಿ ಕುಗ್ಗುವ ಬದಲು ಕೊಂಚ ಹೆಚ್ಚಿತ್ತು. ಇದನ್ನು ಓದಿ ಯಾರೂ ಇದೊಂದು ಔಷಧಿ ಎಂದು ಭಾವಿಸಬಾರದು. ಗುಂಪು ಸಣ್ಣದು, ಮಹಿಳೆಯರಲ್ಲಿ ಫಲ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ತಿಂಗಳಿಗೊಮ್ಮೆಯ ಹಾಡುಗಾರಿಕೆಗೂ ವಾರಕ್ಕೆ 15 ಗಂಟೆಯ ಹೊಣೆಗಾರಿಕೆಗೂ ಇರುವ ದೂರ ಎಷ್ಟೆಂದು ಅದರಿಂದ ತಿಳಿಯುತ್ತದೆ.

ಒಟ್ಟಿಗೆ ವಾಸಿಸುವ ಮಾದರಿಗಳೂ ಇವೆ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಪಟ್ಟಣದ ಹ್ಯೂಮಾನಿಟಾಸ್ ವೃದ್ಧಾಶ್ರಮದಲ್ಲಿ 2012ರಿಂದ ಕೆಲವು ವಿದ್ಯಾರ್ಥಿಗಳು ಬಾಡಿಗೆ ಕೊಡದೆ ವಾಸಿಸುತ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ‘ಒಳ್ಳೆಯ ನೆರೆಯವರಾಗಿ’ ಇರಬೇಕು. ಅವರು ಶುಶ್ರೂಷೆ ಮಾಡಬೇಕಿಲ್ಲ. ತಡರಾತ್ರಿ ಬಂದು ಸದ್ದು ಮಾಡುವುದು, ಪ್ರೇಮಪ್ರಸಂಗಗಳ ಸುದ್ದಿ ಹೇಳುವುದು, ಪರೀಕ್ಷೆಯ ಆತಂಕ ಹಂಚಿಕೊಳ್ಳುವುದು, ಅಂದರೆ ಮಾತ್ರೆ ಮತ್ತು ಮಂಡಿನೋವಿನ ಆಚೆಗೊಂದು ಲೋಕವನ್ನು ಒಳಗೆ ತರುವುದೇ ಅವರ ಕೊಡುಗೆ. ಜರ್ಮನಿಯಲ್ಲಿ 2006ರಿಂದ ಕೇಂದ್ರ ಸರ್ಕಾರದ ನೆರವಿನಿಂದ ನಡೆಯುತ್ತಿರುವ ‘ಬಹುತಲೆಮಾರು ಮನೆ’ಗಳು ಈಗ 500ಕ್ಕೂ ಹೆಚ್ಚಿವೆ. ಹೆಸರಿನಲ್ಲಿ ಮನೆಯೆಂದಿದ್ದರೂ ಅವು ವಾಸದ ಜಾಗಗಳಲ್ಲ, ಯಾರು ಬೇಕಾದರೂ ಒಳಬಂದು ಕೂರಬಹುದಾದ ನೆರೆಹೊರೆಯ ಕೇಂದ್ರಗಳು. ಟೋಕಿಯೊದ ಕೋತೋಎನ್ ಸಂಸ್ಥೆಯಲ್ಲಿ ಶಿಶುವಿಹಾರವೂ ವೃದ್ಧರ ನಿವಾಸವೂ ದಶಕಗಳಿಂದ ಒಂದೇ ಸೂರಿನಡಿ ಇವೆ. ಅಮೆರಿಕದ ಸಿಯಾಟಲ್‌ನ ಪ್ರಾವಿಡೆನ್ಸ್ ಮೌಂಟ್ ಸೇಂಟ್ ವಿನ್ಸೆಂಟ್ ವೃದ್ಧಾಶ್ರಮದಲ್ಲಿ 1991ರಿಂದ ಹೀಗೆಯೇ ಇದೆ. ಬಲವಂತದ ನಿವೃತ್ತಿಗೆ ಸಿಡಿದು 1970ರಲ್ಲಿ ಅಮೆರಿಕದಲ್ಲಿ ಹಿರಿಯರ ಹಕ್ಕುಗಳ ಗ್ರೇ ಪ್ಯಾಂಥರ್ಸ್ ಚಳವಳಿ ಕಟ್ಟಿದ ಮ್ಯಾಗಿ ಕುನ್, ತಮ್ಮ ಮನೆಯನ್ನು ತಮಗಿಂತ ಬಹಳ ಕಿರಿಯರ ಜೊತೆ ಹಂಚಿಕೊಂಡು ಬಾಳಿದವರು. ವಯಸ್ಸಿನ ಪ್ರಕಾರ ಜನರನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇಡುವುದನ್ನು ಅವರು ಕಟುವಾಗಿ ವಿರೋಧಿಸುತ್ತಿದ್ದರು. ಆ ಕೋಪ ನನಗೆ ಈಗ ಅರ್ಥವಾಗುತ್ತದೆ. ಶಾಲೆ ಒಂದು ವಯಸ್ಸಿನವರಿಗೆ, ಕಚೇರಿ ಇನ್ನೊಂದು ವಯಸ್ಸಿನವರಿಗೆ, ಆಶ್ರಮ ಮತ್ತೊಂದಕ್ಕೆ ಎಂದು ದಿನವನ್ನೇ ಹಂಚಿಬಿಟ್ಟ ಮೇಲೆ, ಹಿಂದೆ ತಾನಾಗಿ ಆಗುತ್ತಿದ್ದ ಭೇಟಿಗೆ ಈಗ ಸಂಯೋಜಕರು ಬೇಕಾಗಿದ್ದಾರೆ.

ಗ್ರಂಥಾಲಯದ ಕಾರ್ಯಕ್ರಮದ ಕುಂದುಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಲ್ಲಿಗೆ ಬರಲು ಸಾಧ್ಯವಾದದ್ದು ನಡೆಯಬಲ್ಲವರಿಗೆ ಮಾತ್ರ. ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಇಳಿಜಾರು ಇಲ್ಲ. ಗಾಲಿಕುರ್ಚಿಯ ಮಹಿಳೆಯೊಬ್ಬರು ಹೆಸರು ಕೊಟ್ಟು ಮೊದಲ ದಿನವೇ ಹಿಂತಿರುಗಬೇಕಾಯಿತು. ವಾಹನದ ವ್ಯವಸ್ಥೆ ಇಲ್ಲ. ಕರೆದುಕೊಂಡು ಬರಲು ಯಾರೂ ಇಲ್ಲದವರೇ ಅತ್ಯಂತ ಒಂಟಿಯಾಗಿರುವವರು, ಮತ್ತು ಅವರೇ ಇಂತಹ ಕಾರ್ಯಕ್ರಮಕ್ಕೆ ತಲುಪಲಾರದವರು. ಈ ಸುತ್ತಿನಿಂದ ಹೊರಬರಲು ಒಂದು ವಾಹನ ಸಾಕಿತ್ತು. ಸಮಯ ಬದಲಾವಣೆಯ ಸೂಚನೆಗಳೆಲ್ಲ ಫೋನಿನ ಗುಂಪಿನಲ್ಲಿ ಮಾತ್ರ ಬರುತ್ತಿದ್ದುದರಿಂದ, ಗುಂಡಿಯ ಫೋನ್ ಇಟ್ಟುಕೊಂಡಿದ್ದ ಇಬ್ಬರು ಮುಚ್ಚಿದ ಬಾಗಿಲಿನವರೆಗೆ ಬಂದು ಹಿಂದಿರುಗಿದ್ದಾರೆ.

ಮರೆಗುಳಿತನ ಇರುವವರನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ನಿಯಮ ನನಗೆ ಹೆಚ್ಚು ಬೇಸರ ತಂದಿತು. ಸಿಬ್ಬಂದಿಗೆ ತರಬೇತಿ ಇಲ್ಲ ಎಂಬ ಕಾರಣ ನಿಜವಿರಬಹುದು. ಆದರೆ ಇದಕ್ಕೂ ದಾರಿ ಇದೆ ಎಂಬುದು ಹೊಸ ಸಂಗತಿಯಲ್ಲ. ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಕ್ಯಾಂಪ್ 1990ರ ದಶಕದಲ್ಲೇ ಮಾಂಟೆಸರಿ ವಿಧಾನವನ್ನು ಬಳಸಿ, ಡಿಮೆನ್ಷಿಯಾ ಎಂಬ ಈ ಮರೆಗುಳಿತನ ಇರುವ ಹಿರಿಯರು ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಸಣ್ಣ ಸಣ್ಣ ಕೆಲಸಗಳನ್ನು ಕಲಿಸುವ ಕಾರ್ಯಕ್ರಮವನ್ನು ರೂಪಿಸಿದರು. ನಿನ್ನೆ ಏನಾಯಿತೆಂಬ ನೆನಪು ಅಳಿದರೂ, ಕೈಗೆ ಅಂಟಿದ ಕೌಶಲದ ನೆನಪು ಬಹುಕಾಲ ಉಳಿಯುತ್ತದೆ: ಬಟ್ಟೆ ಮಡಿಸುವುದು, ಬಣ್ಣದ ಪ್ರಕಾರ ವಿಂಗಡಿಸುವುದು, ಉಪಕರಣ ಹಿಡಿಯುವುದು. ಮಗುವಿಗೆ ಎದುರಿನವರು ಅದನ್ನೇ ಎರಡು ಸಲ ಹೇಳಿದರೂ ಬೇಸರವಿಲ್ಲ, ಏಕೆಂದರೆ ಮಗುವಿಗೂ ಎರಡು ಸಲ ಕೇಳುವುದು ಬೇಕು. ಕಲಿಸುವ ಸ್ಥಾನದಲ್ಲಿ ಕೂರಿಸಿದಾಗ ಆ ಹಿರಿಯರು ಎಚ್ಚೆತ್ತು ತೊಡಗುತ್ತಿದ್ದರು ಎಂಬುದು ಕ್ಯಾಂಪ್ ಅವರ ಗಮನಕ್ಕೆ ಬಂದ ಸಂಗತಿ. ನಮ್ಮ ಗುಂಪಿನಲ್ಲೇ ಒಬ್ಬರಿಗೆ ವರ್ಷದ ನಡುವೆ ಮರೆವು ಹೆಚ್ಚಾಯಿತು. ಅವರು ಹಳೆಯ ಅಂಗಡಿಗಳ ಸಾಲನ್ನು ತಪ್ಪಿಲ್ಲದೆ ಹೇಳಬಲ್ಲವರಾಗಿದ್ದರು, ಆದರೆ ಬಂದ ದಾರಿಯನ್ನು ಮರೆಯತೊಡಗಿದ್ದರು. ನಿಯಮದ ಪ್ರಕಾರ ಅವರನ್ನು ಬಿಡಿಸಬೇಕಿತ್ತು. ಸಂಯೋಜಕಿ ಬಿಡಿಸಲಿಲ್ಲ, ಅವರ ಜೊತೆಗಾರ ಹುಡುಗ ಮನೆಯಿಂದ ಕರೆತರಲು ಒಪ್ಪಿದ. ಇದು ಒಳ್ಳೆಯ ಮನಸ್ಸಿನಿಂದ ನಡೆದದ್ದು. ಆದರೆ ಒಳ್ಳೆಯ ಮನಸ್ಸು ಇಲ್ಲದ ದಿನವೂ ನಡೆಯುವಂತೆ ನಿಯಮವೇ ಬದಲಾಗಬೇಕು.

ಸುರಕ್ಷತೆಯ ವಿಷಯದಲ್ಲಿ ನನಗೆ ದೂರಿಲ್ಲ. ಸೇರುವ ಮುನ್ನ ಹಿರಿಯರ ಮತ್ತು ಎಳೆಯರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ; ಭೇಟಿ ಗಾಜಿನ ಬಾಗಿಲಿನ ತೆರೆದ ಕೋಣೆಯಲ್ಲೇ; ಹಣ, ಬ್ಯಾಂಕ್ ವಿವರ, ಗುಪ್ತಸಂಖ್ಯೆ ಯಾರೂ ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ. ಶೀತ ಜ್ವರ ಇದ್ದವರು ಬರಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಅದು ಮುಖ್ಯ, ಎಳೆಯರ ಪಾಲಿಗೆ ಮೂರು ದಿನದ ಕೆಮ್ಮು ನಮ್ಮ ವಯಸ್ಸಿನವರನ್ನು ಆಸ್ಪತ್ರೆಗೆ ಒಯ್ಯಬಲ್ಲದು.

ಎಳೆಯರಿಗೆ ಏನು ಸಿಕ್ಕಿತು ಎಂದು ನಾನು ಹೇಳುವುದು ಸರಿಯಲ್ಲ, ಅವರೇ ಹೇಳಬೇಕು. ನಾನು ಕಂಡದ್ದಿಷ್ಟು: ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಅಂಕ ಕಡಿಮೆ ಬಂದಾಗ ನನ್ನ ಜೊತೆಗಾತಿ ಆ ಸುದ್ದಿಯನ್ನು ಮನೆಯಲ್ಲಿ ಹೇಳುವ ಮೊದಲು ನನಗೆ ಹೇಳಿದಳು. ನಾನು ಅವಳ ಅಂಕಗಳಿಂದ ಏನನ್ನೂ ನಿರೀಕ್ಷಿಸದ ಹಿರಿಯ. ತಂದೆತಾಯಿಯೂ ಅಲ್ಲದ, ಗುರುವೂ ಅಲ್ಲದ, ಆದರೆ ವಾರ ತಪ್ಪದೆ ಸಿಗುವ ಅಂಥ ಒಬ್ಬರು ಆ ವಯಸ್ಸಿನಲ್ಲಿ ಬಹಳ ಅಪರೂಪ. ನನಗೆ ಸಿಕ್ಕಿದ್ದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ನಡುವಯಸ್ಸಿನ ಮುಖ್ಯ ತುಡಿತವೆಂದು ಗುರುತಿಸಿದ್ದು, ತನ್ನ ನಂತರದವರಿಗಾಗಿ ಏನನ್ನಾದರೂ ಬೆಳೆಸುವ, ದಾಟಿಸುವ ಬಯಕೆಯನ್ನು. ಅದು ದಾರಿ ಕಾಣದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ ಎಂದರು. ಅರವತ್ತರ ಗೆರೆ ದಾಟಿದ ಮಾತ್ರಕ್ಕೆ ಆ ತುಡಿತ ನಿಲ್ಲುವುದಿಲ್ಲ, ಅದನ್ನು ಕೇಳುವವರು ಮಾತ್ರ ಇಲ್ಲವಾಗುತ್ತಾರೆ. ವಯಸ್ಸಾಗುವುದನ್ನು ಒಳ್ಳೆಯ ದೃಷ್ಟಿಯಿಂದ ಕಾಣುವವರು ಹಾಗೆ ಕಾಣದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು ಎಂದು ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ 660 ಮಂದಿಯ ದೀರ್ಘಾವಧಿ ದಾಖಲೆಗಳಿಂದ ಕಂಡುಕೊಂಡರು. ನಾನು ಎಷ್ಟು ವರ್ಷ ಬದುಕುತ್ತೇನೆಂಬುದು ನನಗೆ ಮುಖ್ಯವಲ್ಲ. ಮಂಗಳವಾರ ಬೆಳಿಗ್ಗೆ ಏಳುವಾಗ ಆ ದಿನಕ್ಕೊಂದು ಹೆಸರಿತ್ತು ಎಂಬುದು ಮುಖ್ಯ.

ಇನ್ನು ಈ ಸೇವೆಯ ಅತಿ ದೊಡ್ಡ ಕೊರತೆ. ಆರಂಭಕ್ಕೆ ಅಷ್ಟು ಸಿದ್ಧತೆ ಮಾಡಿದವರು ಮುಗಿಯುವುದಕ್ಕೆ ಯಾವ ಸಿದ್ಧತೆಯನ್ನೂ ಮಾಡಿರಲಿಲ್ಲ. ಎಳೆಯರು ಓದಿಗಾಗಿ ಬೇರೆ ಊರುಗಳಿಗೆ ಹೋಗುವವರು. ಹಿರಿಯರು ಕಾಯಿಲೆ ಬೀಳುವವರು, ತೀರಿಕೊಳ್ಳುವವರು. ಒಂಬತ್ತನೆಯ ತಿಂಗಳು ನಮ್ಮ ಗುಂಪಿನ ಹಿರಿಯರೊಬ್ಬರು ತೀರಿಕೊಂಡರು. ಅವರ ಜೊತೆಗಾರನಿಗೆ ಸುದ್ದಿ ತಿಳಿದದ್ದು ಮುಂದಿನ ವಾರ ಬಂದು ಕುರ್ಚಿ ಎಳೆದುಕೊಂಡು ಕುಳಿತ ಮೇಲೆ. ಹತ್ತೊಂಬತ್ತರ ಆ ಹುಡುಗ ಅವರ ಅರ್ಧ ಮುಗಿದ ಹಾಳೆಯನ್ನು ಮುಂದಿಟ್ಟುಕೊಂಡು ಎರಡು ಗಂಟೆ ಸುಮ್ಮನೆ ಕುಳಿತಿದ್ದ. ನಮ್ಮಲ್ಲಿ ಯಾರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಕುಟುಂಬದಿಂದ ಸುದ್ದಿ ತಿಳಿದ ಕೂಡಲೇ ಮನೆಗೆ ಹೋಗಿ ಹೇಳುವವರು ಒಬ್ಬರಿರಬೇಕು; ಆ ಹಾಳೆಯನ್ನು ಯಾರು ಮುಗಿಸಬೇಕೆಂದು ಅವನನ್ನೇ ಕೇಳಬೇಕು; ಕೊನೆಯ ವಾರ ಇದು ಕೊನೆಯದೆಂದು ಎಲ್ಲರಿಗೂ ಮೊದಲೇ ತಿಳಿದಿರಬೇಕು. ಇದನ್ನೆಲ್ಲ ಬರೆದು ಸಂಯೋಜಕಿಗೆ ಕೊಟ್ಟೆ. ಅವರು ಪೂರ್ತಿ ಓದಿ, ವರ್ಷದ ಕೊನೆಯ ಎರಡು ಭೇಟಿಗಳನ್ನು ಬೀಳ್ಕೊಡುಗೆಗೆ ಎಂದೇ ಮೀಸಲಿಟ್ಟರು. ಅರ್ಧ ಮುಗಿದ ಹಾಳೆಯನ್ನು ಆ ಹುಡುಗ ತಾನೇ ಮುಗಿಸಿದ. ಅವರು ಹೇಳಿ ಮುಗಿಸದ ಭಾಗವನ್ನೆಲ್ಲ ತುಂಡುಗೆರೆಯಲ್ಲಿ ಬರೆದ.

ಸೇರಬೇಕೆಂದಿರುವವರು ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಪ್ರತಿ ಸಲವೂ ಅದೇ ಜನ ಬರುತ್ತಾರೆಯೇ? ಎಷ್ಟು ದಿನಕ್ಕೊಮ್ಮೆ? ನನಗೆ ಮಾಡಲು ಏನಿದೆ? ನಿಂತು ನೋಡುವ ಬದಲು ಕೂತು ಮಾಡುವ ಕೆಲಸವೇ? ಬರಲು ಹೋಗಲು ವ್ಯವಸ್ಥೆ ಏನು? ಮುಗಿಯುವಾಗ ಹೇಗೆ ಮುಗಿಯುತ್ತದೆ? ತಿಂಗಳಿಗೊಮ್ಮೆ ಹೊಸ ತಂಡ ಬಂದು ಹಾಡಿ ಹೋಗುವ ಕಾರ್ಯಕ್ರಮವನ್ನು ನಾನು ಯಾರಿಗೂ ಸಲಹೆ ಮಾಡಲಾರೆ, ನಡೆಸುವವರು ಎಷ್ಟೇ ಸಜ್ಜನರಾಗಿದ್ದರೂ. ಗ್ರಂಥಾಲಯದ್ದನ್ನು, ಮೆಟ್ಟಿಲು ಮತ್ತು ವಾಹನದ ಕೊರತೆಯ ಎಚ್ಚರಿಕೆಯೊಂದಿಗೆ, ಕೈಯಲ್ಲಿ ಯಾವುದೇ ಕಸುಬು ಉಳಿದಿರುವ ಪ್ರತಿಯೊಬ್ಬ ಹಿರಿಯರಿಗೂ ಸಲಹೆ ಮಾಡುತ್ತೇನೆ; ಕಸುಬು ಎಂದರೆ ನಕ್ಷೆಯೇ ಆಗಬೇಕಿಲ್ಲ, ಹೊಲಿಗೆ, ಲೆಕ್ಕ, ಗಿಡ ಕಸಿ ಕಟ್ಟುವುದು, ಹಳೆಯ ರೇಡಿಯೊ ಬಿಚ್ಚಿ ಜೋಡಿಸುವುದು, ಏನಾದರೂ ಸರಿ.

ನನ್ನ ಜೊತೆಗಾತಿ ವಾಸ್ತುಶಿಲ್ಪ ಓದಲು ಹೋಗಿದ್ದಾಳೆ. ಹನ್ನೊಂದು ಹಾಳೆಗಳಲ್ಲಿ ಏಳು ಮುಗಿದಿವೆ, ನಾಲ್ಕು ಬಾಕಿ. ಮುಂದಿನ ವರ್ಷದ ಗುಂಪಿಗೆ ನಾನು ಹೆಸರು ಕೊಟ್ಟಿದ್ದೇನೆ; ಅರ್ಜಿಯ ಕೊನೆಯ ಸಾಲಿನಲ್ಲಿ, ಹೊಸಬರನ್ನು ನನ್ನ ಬಲಗಡೆಗೆ ಕೂರಿಸಿ ಎಂದು ಬರೆದಿದ್ದೇನೆ.